ಮೂರು ಬಾವುಟಗಳ ಊರು

ವಾರ್ನಾ, 9 ಜೂನ್ 2003

ದೊಡ್ಡಮ್ಮಾ, ನನ್ನ ಮದುವೆ ಆಗಿಹೋಯಿತು!

ನಿಂತು ಓದುತ್ತಿದ್ದರೆ ಕೂತುಕೋ. ಶನಿವಾರ ಬೆಳಿಗ್ಗೆ ಹನ್ನೊಂದೂವರೆಗೆ, ನಗರಸಭೆಯ ಮದುವೆ ಹಾಲಿನಲ್ಲಿ, ನಾನೂ ಜಹಾರಿಯೂ ಗಂಡ ಹೆಂಡತಿ ಆದೆವು. ನಮಗೆ ಸಿಕ್ಕಿದ್ದ ದಿನ ಸೆಪ್ಟೆಂಬರಿನದು, ನಿನಗೆ ಗೊತ್ತೇ ಇದೆ. ಗುರುವಾರ ಅಲ್ಲಿನ ಗುಮಾಸ್ತೆ ಫೋನ್ ಮಾಡಿ, "ಒಂದು ಜೋಡಿ ಜಗಳ ಆಡ್ಕೊಂಡು ಕ್ಯಾನ್ಸಲ್ ಮಾಡಿದಾರೆ. ಹೂವಿನ ಅಲಂಕಾರ ಎಲ್ಲ ರೆಡಿ ಇದೆ. ನಿಮಗೆ ಬೇಕಾ?" ಅಂದಳು. ನಾನು ಜಹಾರಿ ಮುಖ ನೋಡಿದೆ. "ಬೇರೆಯವರ ಜಗಳ ಯಾಕೆ ದಂಡ ಆಗ್ಬೇಕು? ತಗೊಳ್ಳೋಣ," ಅಂದ. ಎರಡು ದಿನದಲ್ಲಿ ಮದುವೆ! ನಿನಗೆ ತಿಳಿಸುವುದು ಹೇಗೆ? ಮನೆಗೆ ಫೋನ್ ಹಾಕಿಸಿಕೋ ಅಂದರೆ ನೀನು ಕೇಳುವುದಿಲ್ಲ. ಶಾಲೆಯ ಫೋನು ಶಾಲೆಗೆ, ಕಾಗದ ಮನೆಗೆ ಎಂಬ ನಿನ್ನ ಕಾನೂನು ಬೇರೆ.

ಅತ್ತೆ ರೊಟ್ಟಿ ತಂದಿದ್ದರು. ನಾನು ಒಂದು ಕಡೆಯಿಂದ ಎಳೆದೆ, ಅವನು ಇನ್ನೊಂದು ಕಡೆಯಿಂದ. ಮುಕ್ಕಾಲು ಪಾಲು ನನ್ನ ಕೈಗೇ ಬಂತು! ದೊಡ್ಡ ತುಂಡು ಸಿಕ್ಕವರದೇ ಮನೆಯಲ್ಲಿ ಮಾತು ನಡೆಯುವುದಲ್ಲವೇ? ಜಹಾರಿ, "ನಾನು ಬೇಕಂತಲೇ ಬಿಟ್ಟೆ," ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದ. ಅಮ್ಮ ಮಾತ್ರ ಇಡೀ ದಿನ "ಅಕ್ಕ ಇಲ್ಲದೆ ಇದೆಂಥ ಮದುವೆ" ಅನ್ನುತ್ತ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು.

ಇನ್ನೂ ಒಂದು ಸುದ್ದಿ ಇದೆ, ಒಂದೇ ಕಾಗದದಲ್ಲಿ ಎರಡು! ನನಗೆ ಕೆಲಸ ಸಿಕ್ಕಿತು. ಇಲ್ಲಿ ಹೊಸದೊಂದು ಖಾಸಗಿ ಹೈಸ್ಕೂಲು ತೆರೆಯುತ್ತಿದ್ದಾರೆ, ಎಲ್ಲ ಪಾಠವೂ ಇಂಗ್ಲಿಷಿನಲ್ಲಿ. ಮೊದಲು ಬ್ಯಾಂಕ್ ಇದ್ದ ಕಟ್ಟಡ, ನೆಲಕ್ಕೆಲ್ಲ ಅಮೃತಶಿಲೆ. ನಾಲ್ಕು ವರ್ಷದಲ್ಲಿ ಈ ಊರಿಗೆ ಇದು ಮೂರನೇ ಹೊಸ ಹೈಸ್ಕೂಲು. ನಾನು ಇಂಗ್ಲಿಷ್ ಟೀಚರ್!

ನೀನು ಎಂದಿನಂತೆ ಜುಲೈನಲ್ಲಿ ಒಂದು ವಾರ ಬರುತ್ತೀ ತಾನೆ? ಈ ಸಲ ನಮ್ಮ ಮನೆಗೇ. ಹಾಸಿಗೆ ಒಂದೇ ಇದೆ. ಜಹಾರಿ ನೆಲದ ಮೇಲೆ.

ನಿನ್ನ,
ನೆವ್ಯಾನಾ (ಮಿಸೆಸ್! ಮಿಸೆಸ್!)


ರಾವ್ನೊಬ್ರೋದ್, 17 ಜೂನ್ 2003

ನೆವ್ಯಾನಾ,

ಇಬ್ಬರೂ ಸುಖವಾಗಿರಿ. ದೊಡ್ಡ ತುಂಡು ಸಿಕ್ಕಿತು ಎಂದು ಮೆರೆಯಬೇಡ. ನನಗೂ ಸಿಕ್ಕಿತ್ತು. ನಿನ್ನ ದೊಡ್ಡಪ್ಪ ಮೂವತ್ತು ವರ್ಷ ತನಗೆ ಬೇಕಾದದ್ದನ್ನೇ ಮಾಡಿಕೊಂಡು ಹೋದರು.

ಮದುವೆಗೆ ಕರೆಯಲಿಲ್ಲ ಎಂದು ನನಗೇನೂ ಇಲ್ಲ. ಆ ಶನಿವಾರ ಹೇಗೂ ಉತ್ತರಪತ್ರಿಕೆ ನೋಡುವುದಿತ್ತು. ಬೇರೆ ಪೊಟ್ಟಣದಲ್ಲಿ ದಿಂಬಿನ ಚೀಲ ಎರಡು ಕಳಿಸಿದ್ದೇನೆ. ಕಸೂತಿ ನನ್ನದೇ, ಎಡಗಡೆಯದರಲ್ಲಿ ಒಂದು ಹೂ ಸೊಟ್ಟ ಇದೆ. ಹುಡುಗ ಏನು ಕೆಲಸ ಮಾಡುತ್ತಾನೆ ಎಂದು ನೀನು ಮೂರು ಕಾಗದದಿಂದಲೂ ಬರೆದಿಲ್ಲ. ಕಣ್ಣಿನ ಬಣ್ಣ ಮಾತ್ರ ಬರೆದಿದ್ದೀ.

ಉಡುಗೊರೆಯ ಜೊತೆ ಒಂದು ಫೋಟೋ ಇದೆ. ಮೇ ಇಪ್ಪತ್ತನಾಲ್ಕರದು. ಈ ವರ್ಷ ಅಕ್ಷರ ಹಬ್ಬದ ದಿನ ಬಿಸಿಲು ಚೆನ್ನಾಗಿತ್ತು. ಮೆರವಣಿಗೆಯಲ್ಲಿ ಶಾಲೆಗಳ ಮೂರು ಬಾವುಟಗಳೂ ಹೊರಟವು. ಊರಿನವರೆಲ್ಲ ರಸ್ತೆಗೆ ಬಂದಿದ್ದರು.

ಜುಲೈನಲ್ಲಿ ಬರಲು ಆಗುವುದಿಲ್ಲ. ಶಾಲೆಯ ಕೆಲಸ ಇದೆ. ಉಳಿದಂತೆ ಇಲ್ಲಿ ಎಲ್ಲ ಸರಿಯಾಗಿದೆ.

ಪರಾಷ್ಕೆವಾ ದೊಡ್ಡಮ್ಮ


ವಾರ್ನಾ, 26 ಜೂನ್ 2003

ನನ್ನ ಮುದ್ದು ದೊಡ್ಡಮ್ಮಾ,

ಫೋಟೋ ಗೋಡೆಗೆ ಏರಿತು! ಅಡುಗೆಮನೆಯಲ್ಲಿ, ಕಾಫಿ ಕುಡಿಯುವಾಗ ಕಣ್ಣಿಗೆ ನೇರ ಬೀಳುವ ಹಾಗೆ. ಜಹಾರಿಗೆ ಒಂದೊಂದೇ ತೋರಿಸಿದೆ: ನೀಲಿ ಬಾವುಟ ನಮ್ಮ ದೊಡ್ಡಮ್ಮನ ಹೈಸ್ಕೂಲು, ತೆನೆ ಇರುವ ಹಸಿರು ಬಾವುಟ ಕೃಷಿ ಹೈಸ್ಕೂಲು, ಲಾಳಿ ಇರುವ ಕೆಂಪು ಬಾವುಟ ನೇಯ್ಗೆ ಹೈಸ್ಕೂಲು. ನಾನು ಹದಿನಾಲ್ಕು ವರ್ಷದವಳಾಗಿ ಇಲ್ಲಿ ಓದಲು ಊರು ಬಿಟ್ಟಾಗ ಹೇಗಿತ್ತೋ ಹಾಗೇ ಇದೆ! ಎಲ್ಲ ಮಕ್ಕಳ ಎದೆಯ ಮೇಲೂ ಒಂದೇ ಥರ ನೀಲಿ ರಿಬ್ಬನ್. ಮೂರು ಶಾಲೆಯವರೂ ಸೇರಿ ಒಟ್ಟಿಗೆ ತರಿಸಿದ್ದೀರಾ? ಒಗ್ಗಟ್ಟು ಅಂದರೆ ಇದು. ಇಲ್ಲಿನ ಪೇಪರಿನವರು ಸಣ್ಣ ಊರುಗಳ ಶಾಲೆಗಳು ಮುಚ್ಚುತ್ತಿವೆ ಅಂತ ದಿನಾ ಅಳುತ್ತಾರೆ. ಅವರಿಗೆ ಈ ಫೋಟೋ ತೋರಿಸಬೇಕು.

ಈಗ ಸರ್‌ಪ್ರೈಸ್ ಕೇಳು. ನಮ್ಮ ಹೊಸ ಶಾಲೆಯಲ್ಲಿ ದೂರದ ಊರಿನ ಜಾಣ ಮಕ್ಕಳಿಗೆ ಮೂರು ಉಚಿತ ಸೀಟು ಇವೆ, ಹಾಸ್ಟೆಲ್ ಸಮೇತ. ನಮ್ಮ ಡೈರೆಕ್ಟರ್ ಮೇಡಂ, "ಯಾವ ಊರಿಗೆ ಕೊಡೋಣ ಹೇಳ್ರಮ್ಮ," ಅಂತ ಸ್ಟಾಫ್ ರೂಮಿನಲ್ಲಿ ಕೇಳಿದರು. ನಾನು ಎದ್ದು ನಿಂತೇಬಿಟ್ಟೆ. "ನಮ್ಮೂರಿಗೆ ಕೊಡಿ ಮೇಡಂ. ಮೂರು ಹೈಸ್ಕೂಲು ಇರೋ ಊರು, ಮೂರು ಮಕ್ಕಳು ಬಂದ್ರೆ ಯಾರಿಗೂ ಗೊತ್ತೇ ಆಗಲ್ಲ!" ಎಲ್ಲರೂ ನಕ್ಕರು. ಸೀಟು ನಮಗೇ ಸಿಕ್ಕಿತು!

ಅರ್ಜಿ ನಮೂನೆ ಮೂರು ಇಟ್ಟಿದ್ದೇನೆ. ಎಂಟನೇ ತರಗತಿ ಮುಗಿಸಿದವರಲ್ಲಿ ಒಳ್ಳೆಯವರನ್ನು ನೀನೇ ಆರಿಸು. ನನಗೆ ಸಿಕ್ಕಿದ್ದು ಅವರಿಗೂ ಸಿಗಲಿ.

ಜಹಾರಿ ಪಶುವೈದ್ಯ. ಈಗ ಖುಷಿಯಾಯಿತಾ? ಇಲ್ಲಿ ಸಮುದ್ರದ ದಂಡೆಯ ಕ್ಲಿನಿಕ್ಕಿನಲ್ಲಿ ಶ್ರೀಮಂತರ ಪುಟ್ಟ ನಾಯಿಗಳ ಉಗುರು ಕತ್ತರಿಸುತ್ತಾನೆ. "ಆರು ವರ್ಷ ಓದಿದ್ದು ಹಸು ನೋಡೋಕೆ. ನಾನೀಗ ಬ್ಯೂಟಿ ಪಾರ್ಲರ್," ಅಂತ ಗೊಣಗುತ್ತಾನೆ. ಕಣ್ಣು ಹಸಿರು. ಅದನ್ನು ಹೇಳಿದ್ದೆ ಅಲ್ಲವೇ?

ನಿನ್ನ ನೆವ್ಯಾನಾ


ರಾವ್ನೊಬ್ರೋದ್, 8 ಜುಲೈ 2003

ನೆವ್ಯಾನಾ,

ಮೂರು ಅರ್ಜಿ ತುಂಬಿ, ಸಹಿ ಹಾಕಿ, ಮುದ್ರೆ ಒತ್ತಿ ಇದರೊಂದಿಗೆ ಕಳಿಸಿದ್ದೇನೆ. ಬಿಲ್ಯಾನಾ, ಕ್ರುಮ್, ಯಾಸೆನ್. ಬಿಲ್ಯಾನಾಗೆ ಬೀಜಗಣಿತದಲ್ಲಿ ನಿನಗಿಂತ ಹೆಚ್ಚು ಬುದ್ಧಿ ಇದೆ. ಕ್ರುಮ್‌ಗೆ ಬೆಳಿಗ್ಗೆ ಏಳಿಸುವವರು ಬೇಕು.

ಪರಾಷ್ಕೆವಾ


ವಾರ್ನಾ, 15 ಜುಲೈ 2003

ದೊಡ್ಡಮ್ಮಾ,

ಮೂವರಿಗೂ ಸೀಟು ಖಾಯಂ!

ಆದರೆ ನಿನ್ನ ಕಾಗದ ಬರೀ ಅರ್ಧ ಪುಟ. "ದೊಡ್ಡಮ್ಮ" ಅಂತಲೂ ಬರೆದಿಲ್ಲ, ಬರೀ ಹೆಸರು. ಜಹಾರಿ, "ಅವರು ಹೆಡ್‌ಮಿಸ್ಟ್ರೆಸ್ ಕಣೇ, ಅರ್ಜಿ ಜೊತೆ ಪ್ರೇಮಪತ್ರ ಕಳಿಸ್ತಾರಾ?" ಅಂದ. ಅವನಿಗೇನು ಗೊತ್ತು. ನಿನಗೆ ಸಿಟ್ಟು ಬಂದಿದೆ. ಮದುವೆಗೆ ಕರೆಯಲಿಲ್ಲ ಅಂತ ಸಿಟ್ಟು. ಇಲ್ಲ ಇಲ್ಲ ಅಂದುಕೊಂಡೇ ಒಳಗೆ ಇಟ್ಟುಕೊಂಡಿದ್ದೀ.

ಕ್ಷಮಿಸು ದೊಡ್ಡಮ್ಮಾ. ನನಗೆ ಖುಷಿ ಬಂದರೆ ಮೊದಲು ಕಾಲು ಓಡುತ್ತದೆ, ತಲೆ ಆಮೇಲೆ ಬರುತ್ತದೆ. ಇದರ ಜೊತೆ ಮದುವೆಯ ಸಕ್ಕರೆ ಬಾದಾಮಿ ಕಳಿಸುತ್ತಿದ್ದೇನೆ, ನಿನ್ನ ಪಾಲು ಎತ್ತಿಟ್ಟಿದ್ದೆ. ಹನ್ನೊಂದು ಇವೆ. ಹನ್ನೆರಡಿದ್ದವು, ಒಂದನ್ನು ಜಹಾರಿ ತಿಂದ.

ನೀನು ಬೈದು ಬರೆ. ಉದ್ದಕ್ಕೆ ಬರೆ.

ನಿನ್ನ ನೆವ್ಯಾನಾ


ರಾವ್ನೊಬ್ರೋದ್, 2 ಆಗಸ್ಟ್ 2003

ನೆವ್ಯಾನಾ,

ಬಾದಾಮಿ ಬಂದವು. ಮದುವೆಯ ವಿಷಯಕ್ಕೆ ಸಿಟ್ಟಿಲ್ಲ. ಇನ್ನು ಆ ಮಾತು ಎತ್ತಬೇಡ.

ನೀನು ಒಂದು ತಪ್ಪು ಲೆಕ್ಕ ಮಾಡಿದ್ದೀ. ಅದನ್ನು ನಾಲ್ಕು ಜನರ ಮುಂದೆ ಹೇಳಿದ್ದೀ. ನಾನು ಮೂವತ್ತೊಂದು ವರ್ಷ ಗಣಿತ ಕಲಿಸಿದವಳು. ಐದು ವಾರ ಸುಮ್ಮನಿದ್ದೆ, ಇನ್ನು ಆಗುವುದಿಲ್ಲ.

ಫೋಟೋವನ್ನು ಗೋಡೆಯಿಂದ ಇಳಿಸಿ ನೋಡು. ಮೂರು ಬಾವುಟ ಇವೆ. ಹಿಂದಿರುವ ಮಕ್ಕಳ ಎದೆ ನೋಡು. ರಿಬ್ಬನ್ ನೀಲಿ. ಒಗ್ಗಟ್ಟೂ ಅಲ್ಲ, ಏನೂ ಅಲ್ಲ. ಎಲ್ಲರೂ ನನ್ನ ಶಾಲೆಯ ಮಕ್ಕಳು. ಊರಿನಲ್ಲಿ ಇರುವುದು ಒಂದೇ ಹೈಸ್ಕೂಲು.

ನಾನು ಇಲ್ಲಿಗೆ ಶಿಕ್ಷಕಿಯಾಗಿ ಬಂದಾಗ ಎರಡು ಇದ್ದವು. ನೂಲಿನ ಗಿರಣಿ ಬಂದ ಮೇಲೆ ನೇಯ್ಗೆಯದು ಸೇರಿ ಮೂರಾಯಿತು. ನೀನು ಹೋದ ಮೂರನೇ ವರ್ಷಕ್ಕೆ ಗಿರಣಿ ಮುಚ್ಚಿತು, ಮರುವರ್ಷ ಆ ಶಾಲೆ. ಮೂರು ವರ್ಷದ ಹಿಂದೆ ಕೃಷಿಯದೂ ಹೋಯಿತು. ಜಿಲ್ಲಾ ಕಚೇರಿಯವರು ಸಾಮಾನು ಪಟ್ಟಿ ಮಾಡಿ ಮೇಜು, ಕುರ್ಚಿ, ಭೂಗೋಳ ಎಲ್ಲ ಲಾರಿಗೆ ಹೇರಿದರು. ಬಾವುಟ ಪಟ್ಟಿಯಲ್ಲಿರಲಿಲ್ಲ. ನಾನು ಕೋಲು ಸಮೇತ ಹೆಗಲ ಮೇಲಿಟ್ಟುಕೊಂಡು ಮನೆಗೆ ನಡೆದೆ. ಕೆಂಪು ಬಾವುಟವನ್ನೂ ಹಾಗೇ ತಂದಿದ್ದೆ.

ಮುಂದಿನ ಮೇ ತಿಂಗಳ ಮೆರವಣಿಗೆಯಲ್ಲಿ ನಮ್ಮ ನೀಲಿ ಒಂದೇ ಹೊರಟಿತು. ನೇಯ್ಗೆ ಶಾಲೆಯಲ್ಲಿ ಓದಿದ ದರ್ಜಿ ಸ್ತಾನ್ಕಾ ರಸ್ತೆ ಬದಿಯಿಂದ ಕೂಗಿದಳು: "ಏನ್ ಮೇಡಂ, ನಮ್ಮ ಸ್ಕೂಲ್ ಮುಚ್ಚಿದ್ರು ಅಂದ್ರೆ ನಾವು ಓದೇ ಇಲ್ವಾ? ನಮ್ಮ ಬಾವುಟ ನಿಮ್ಮ ಬೀರುನಲ್ಲಿ ನಿದ್ದೆ ಮಾಡ್ತಿದೆಯಾ?" ಅಂದಿನಿಂದ ನನ್ನ ಮಕ್ಕಳನ್ನೇ ಮೂರು ಸಾಲು ಮಾಡಿ ಮೂರೂ ಬಾವುಟ ಹೊರಿಸುತ್ತೇನೆ. ಹಳಬರೆಲ್ಲ ತಮ್ಮ ತಮ್ಮ ಬಾವುಟದ ಹಿಂದೆ ಸೇರಿಕೊಳ್ಳುತ್ತಾರೆ. ಊರಿನವರಿಗೆಲ್ಲ ಇದು ಗೊತ್ತು. ಗೊತ್ತಿಲ್ಲದವಳು ನೀನೊಬ್ಬಳೇ. "ಮೂರು ಬಾವುಟ ಹೊರಟವು" ಎಂದು ಬರೆದವಳು ನಾನು. ನಿನ್ನೆದುರು ನನ್ನ ಊರು ಸಣ್ಣದಾಗಿ ಕಾಣುವುದು ನನಗೆ ಬೇಕಿರಲಿಲ್ಲ. ಆದ್ದರಿಂದ ಈ ತಪ್ಪಿನಲ್ಲಿ ಅರ್ಧ ನನ್ನದು.

ಈಗ ಲೆಕ್ಕ. ಒಂಬತ್ತನೇ ತರಗತಿ ತೆರೆಯಲು ಹದಿನೆಂಟು ಮಕ್ಕಳು ಬೇಕು. ಸೆಪ್ಟೆಂಬರ್ ಹದಿನೈದಕ್ಕೆ ಶಾಲೆ ಶುರು, ಅಷ್ಟರೊಳಗೆ. ಜೂನಿನಲ್ಲಿ ನನ್ನ ಬಳಿ ಹತ್ತೊಂಬತ್ತು ಹೆಸರಿದ್ದವು. ಈಗ ಹದಿನಾರು.

ನಿನ್ನ ಶಾಲೆಯ ಕೊನೆಯ ದಿನ ನೀವೆಲ್ಲ ಕಾರಿನ ಕಿಟಕಿಯಿಂದ ಹೊರಗೆ ಬಾಗಿ, ಓದಿ ಮುಗಿಸಿದ ತರಗತಿಗೊಂದರಂತೆ ಒಂದು, ಎರಡು, ಮೂರು ಎಂದು ಹನ್ನೆರಡರವರೆಗೆ ಗಂಟಲು ಹರಿಯುವಂತೆ ಕೂಗಿದ್ದು ನೆನಪಿದೆಯೇ? ಪ್ರತಿ ಮೇ ತಿಂಗಳೂ ಇಲ್ಲಿನ ಮಕ್ಕಳು ನನ್ನ ಕಿಟಕಿಯ ಕೆಳಗೆ ಕೂಗುತ್ತಾರೆ. ಈ ವರ್ಷ ಒಂಬತ್ತು ತೆರೆಯದಿದ್ದರೆ ನಾಲ್ಕು ವರ್ಷದಲ್ಲಿ ಈ ಊರಿನಲ್ಲಿ ಎಣಿಕೆ ಎಂಟಕ್ಕೇ ನಿಲ್ಲುತ್ತದೆ.

ಲೆಕ್ಕ ತಿದ್ದಿದ್ದೇನೆ, ಅಷ್ಟೇ.

ದೊಡ್ಡಮ್ಮ


ವಾರ್ನಾ, 8 ಆಗಸ್ಟ್ 2003

ದೊಡ್ಡಮ್ಮಾ,

ಕಾಗದವನ್ನು ಬಾಗಿಲಲ್ಲೇ ನಿಂತು ಓದಿದೆ. ಫೋಟೋ ಇಳಿಸಿದೆ. ಆರು ವಾರ ದಿನಾ ಬೆಳಿಗ್ಗೆ ಅದರ ಮುಂದೆ ಕಾಫಿ ಕುಡಿದಿದ್ದೇನೆ, ನನಗೆ ಕಣ್ಣಿತ್ತಾ? ಕೆಂಪು ಬಾವುಟದ ಹಿಂದೆ ಬಿಳಿ ಕೂದಲಿನ ಹೆಂಗಸರ ಒಂದು ದಂಡೇ ಇದೆ. ಅವರನ್ನು ನಾನು ಟೀಚರುಗಳು ಅಂದುಕೊಂಡಿದ್ದೆ.

ಹತ್ತು ವರ್ಷ ನಾನು ಒಂದು ಸಲವೂ ಬರಲಿಲ್ಲ. ಅಪ್ಪ ಅಮ್ಮನೂ ನನ್ನ ಹಿಂದೆಯೇ ಇಲ್ಲಿಗೆ ಬಂದುಬಿಟ್ಟರು. ನೀನೇ ಬರುತ್ತಿದ್ದೆಯಲ್ಲ, ಮೆಣಸಿನಕಾಯಿ ಗೊಜ್ಜಿನ ಶೀಶೆಗಳನ್ನು ಹೊತ್ತುಕೊಂಡು, ಅದಕ್ಕೇ ಬರಲಿಲ್ಲ.

ಒಂದೇ ಒಂದು ಮಾತು ಹೇಳು, ಮೂವರ ಅರ್ಜಿಯನ್ನೂ ನಾಳೆಯೇ ವಾಪಸ್ ತೆಗೆಸುತ್ತೇನೆ. ಡೈರೆಕ್ಟರ್ ಮೇಡಂ ಬೈದರೆ ಬೈಸಿಕೊಳ್ಳುತ್ತೇನೆ. ಹದಿನಾರು ಮತ್ತೆ ಹತ್ತೊಂಬತ್ತಾಗುತ್ತದೆ. ನಿನಗೆ ಗೊತ್ತಿದ್ದೂ ಯಾಕೆ ಸಹಿ ಹಾಕಿದೆ? ಅರ್ಜಿಯನ್ನು ಹರಿದು ಒಲೆಗೆ ಹಾಕಬಹುದಿತ್ತಲ್ಲ!

ನೆವ್ಯಾನಾ


ರಾವ್ನೊಬ್ರೋದ್, 14 ಆಗಸ್ಟ್ 2003

ನೆವ್ಯಾನಾ,

ಅರ್ಜಿ ಮುಟ್ಟಬೇಡ. ಬಿಲ್ಯಾನಾ ಆಗಲೇ ಪೆಟ್ಟಿಗೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದಾಳೆ.

ಯಾಕೆ ಸಹಿ ಹಾಕಿದೆ ಎಂದು ಕೇಳಿದ್ದೀ. ಹತ್ತು ವರ್ಷದ ಹಿಂದೆಯೂ ಒಂದು ಅರ್ಜಿಗೆ, ನಿನ್ನದಕ್ಕೆ, ಸಹಿ ಹಾಕಿದ್ದೆ. ನಿನ್ನ ಅಪ್ಪ, "ನೀವೇ ಕಳಿಸಿದ್ರೆ ಇಲ್ಲಿ ಯಾರು ಉಳೀತಾರೆ ಅಕ್ಕಾ?" ಅಂದಿದ್ದ. ಹೋಗಬೇಕು ಎಂದು ಕಣ್ಣಲ್ಲಿ ಬರೆದುಕೊಂಡು ನಿಂತ ಮಗುವನ್ನು ಹಿಡಿದಿಟ್ಟುಕೊಂಡು ಸಂಖ್ಯೆ ತುಂಬಿಸುವುದು ಶಾಲೆ ನಡೆಸುವುದಲ್ಲ. ಉಳಿಯಲು ಕಾರಣ ಕೊಡಬೇಕು, ಅದು ನನ್ನ ಕೆಲಸ. ನಾನು ಕುಂಟುತ್ತಿರುವುದು ಅಲ್ಲೇ.

ನಿನ್ನೆ ಗೋರ್ನಿ ದೋಲ್ ಹಳ್ಳಿಗೆ ಹೋಗಿದ್ದೆ. ಅಲ್ಲಿ ಮೇಕೆ ಸಾಕುವ ಮಾರಿಕಾಗೆ ಅವಳಿ ಹೆಣ್ಣುಮಕ್ಕಳು, ಇಬ್ಬರೂ ಎಂಟು ಮುಗಿಸಿದ್ದಾರೆ. ಹಾಲು ಕರೆಯುತ್ತಲೇ ಮಾತಾಡಿದಳು: "ನಿಮ್ಮ ಸ್ಕೂಲಲ್ಲಿ ಇಂಗ್ಲಿಷ್ ಹೇಳಿಕೊಡೋರು ಯಾರಿದಾರೆ ಮೇಡಂ?"

"ಸದ್ಯಕ್ಕೆ ವ್ಯಾಯಾಮದ ಮೇಷ್ಟ್ರೇ ನೋಡ್ಕೋತಾರೆ," ಅಂದೆ. ಸುಳ್ಳು ಹೇಳಲಿಲ್ಲ.

"ಹಾಗಾದ್ರೆ ಅವರು ಇಂಗ್ಲಿಷಲ್ಲಿ ಓಡೋದು ಕಲೀತಾರೆ ಅಷ್ಟೇ. ನಾನು ಸೋಫಿಯಾದಲ್ಲಿ ತಂಗಿ ಮನೆಗೆ ಕಳಿಸ್ತೀನಿ. ಸರಿಯಾದ ಟೀಚರ್ ತನ್ನಿ, ಇಬ್ಬರನ್ನೂ ನಿಮ್ಮ ಕೈಗೆ ಕೊಡ್ತೀನಿ. ಹಾಗೇ ಒಬ್ಬ ದನದ ಡಾಕ್ಟರನ್ನೂ ತನ್ನಿ. ಎರಡು ವರ್ಷ ಆಯ್ತು ಈ ಕಡೆ ಒಬ್ಬರೂ ತಲೆ ಹಾಕಿಲ್ಲ."

ಜಿಲ್ಲಾ ಕಚೇರಿಯವರನ್ನು ಕೇಳಿದೆ. ಡಿಪ್ಲೊಮಾ ಇರುವ ಇಂಗ್ಲಿಷ್ ಟೀಚರ್ ಸಿಕ್ಕರೆ ವಾರಕ್ಕೆ ಎಂಟು ಗಂಟೆ ಇಂಗ್ಲಿಷ್ ಇರುವ ತರಗತಿಗೆ ಅನುಮತಿ ಕೊಡುತ್ತಾರಂತೆ. ಮೂಲ ಡಿಪ್ಲೊಮಾ ಆಗಸ್ಟ್ ಇಪ್ಪತ್ತೊಂಬತ್ತರ ಒಳಗೆ ಅವರ ಮೇಜಿನ ಮೇಲಿರಬೇಕು. ಆಮೇಲೆ ಬಂದರೆ ಮುಂದಿನ ವರ್ಷ. ಈ ವರ್ಷ ತಪ್ಪಿದ ಒಂಬತ್ತನ್ನು ಮುಂದಿನ ವರ್ಷ ತೆರೆಯಲು ಬಿಡುವುದಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟೆ. ಒಬ್ಬರು ಬಂದು, ರೈಲು ನಿಲ್ದಾಣದಿಂದ ಶಾಲೆಯವರೆಗೆ ನಡೆದು, ಮುಂದಿನ ರೈಲಿನಲ್ಲೇ ಹಿಂದಿರುಗಿದರು.

ಈ ವರ್ಷ ಟೊಮೇಟೊ ಚೆನ್ನಾಗಿ ಬಂದಿದೆ. ಗೊಜ್ಜು ಮಾಡಲು ಮೆಣಸಿನಕಾಯಿ ಸುಡುತ್ತಿದ್ದೇನೆ.

ಇದೆಲ್ಲ ಸುದ್ದಿ ಎಂದು ಬರೆದದ್ದು. ನಾನು ನಿನ್ನಿಂದ ಏನನ್ನೂ ಕೇಳುತ್ತಿಲ್ಲ. ನಿನಗೆ ಒಳ್ಳೆಯ ಕೆಲಸ ಇದೆ, ಅಮೃತಶಿಲೆಯ ನೆಲ ಇದೆ.

ದೊಡ್ಡಮ್ಮ


ವಾರ್ನಾ, 20 ಆಗಸ್ಟ್ 2003

ದೊಡ್ಡಮ್ಮಾ, ದೊಡ್ಡಮ್ಮಾ, ದೊಡ್ಡಮ್ಮಾ!

ನೀನು ಏನನ್ನೂ ಕೇಳುತ್ತಿಲ್ಲ, ನಿಜ. ವಾರಕ್ಕೆ ಎಂಟು ಗಂಟೆ, ಕೊನೆಯ ದಿನಾಂಕ, ಮೂಲ ಡಿಪ್ಲೊಮಾ, ಕಚೇರಿಯ ಮೇಜು, ಇಷ್ಟನ್ನು ಮಾತ್ರ ಬರೆದಿದ್ದೀ. ನಿನ್ನ ಕಾಗದವನ್ನು ಜಹಾರಿಗೆ ಜೋರಾಗಿ ಓದಿದೆ. ಇಂಗ್ಲಿಷಿನ ಜಾಗಕ್ಕೆ ಬಂದಾಗ ತಿನ್ನುತ್ತಲೇ ಇದ್ದ. ದನದ ಡಾಕ್ಟರಿನ ಜಾಗಕ್ಕೆ ಬಂದಾಗ ಕೈಯಲ್ಲಿದ್ದ ಚಮಚ ಕೆಳಗಿಟ್ಟ.

"ಎಷ್ಟು ಮೇಕೆ ಇದೆಯಂತೆ?" ಅಂದ.

"ಬರೆದಿಲ್ಲ."

"ಕೇಳು."

"ನಾನು ಕೇಳೋದು ಬೇರೆ ಇದೆ. ನಾವು ಹೋಗೋಣ್ವಾ?"

"ರೊಟ್ಟಿಯ ದೊಡ್ಡ ತುಂಡು ನಿನ್ನ ಹತ್ರ ಇದೆ, ನನ್ನನ್ನ ಯಾಕೆ ಕೇಳ್ತೀಯಾ?" ಅಂದ. ಅಂದವನೇ ಹೋಗಿ ಅಟ್ಟದಿಂದ ಎತ್ತರದ ರಬ್ಬರ್ ಬೂಟು ಇಳಿಸಿಕೊಂಡು ಬಂದ. ಅವನ್ನು ಮದುವೆಗೆ ಮುಂಚೆಯೇ ನನ್ನಿಂದ ಬಚ್ಚಿಟ್ಟಿದ್ದನಂತೆ, ಎಸೆದುಬಿಡುತ್ತೇನೆ ಎಂಬ ಹೆದರಿಕೆಗೆ!

ಮರುದಿನವೇ ಡೈರೆಕ್ಟರ್ ಮೇಡಂ ಮುಂದೆ ನಿಂತೆ. ಮೊದಲು ತಪ್ಪು ಲೆಕ್ಕ ಒಪ್ಪಿಕೊಂಡೆ: "ಮೂರು ಹೈಸ್ಕೂಲು ಅಂದಿದ್ದೆ ಮೇಡಂ. ಒಂದೇ ಇರೋದು. ಅದೂ ಹದಿನಾರು ಮಕ್ಕಳಲ್ಲಿ ನಿಂತಿದೆ." ಆಮೇಲೆ ರಾಜೀನಾಮೆ ಕೊಟ್ಟೆ. ಅವರು ಕನ್ನಡಕ ತೆಗೆದು, "ಹೊಸದಾಗಿ ಮದುವೆ ಆದೋರನ್ನ ತಗೋಬಾರ್ದು ಅಂತ ಎಲ್ರೂ ಹೇಳಿದ್ರು. ಗಂಡನ ಹಿಂದೆ ಓಡಿಹೋಗ್ತಾರೆ," ಅಂದರು. "ಇಲ್ಲ ಮೇಡಂ, ಅವನೇ ನನ್ನ ಹಿಂದೆ ಓಡಿ ಬರ್ತಿರೋದು," ಅಂದೆ. ನಗು ಬಂದರೂ ತಡೆದುಕೊಂಡರು. ಬಿಲ್ಯಾನಾ, ಕ್ರುಮ್, ಯಾಸೆನ್ ಮೂವರ ಸೀಟೂ ಹಾಗೇ ಇರುತ್ತದೆ ಎಂದು ಕಾಗದದಲ್ಲಿ ಬರೆಸಿಕೊಂಡೆ. ಕ್ರುಮ್‌ನನ್ನು ಏಳಿಸುವ ಕೆಲಸವನ್ನು ಹಾಸ್ಟೆಲಿನ ಅಡುಗೆಯಮ್ಮನಿಗೆ ಒಪ್ಪಿಸಿದ್ದೇನೆ. ಆಕೆಯ ಗಂಟಲು ನಾಲ್ಕನೇ ಮಹಡಿಗೂ ಕೇಳುತ್ತದೆ.

ದೊಡ್ಡಮ್ಮಾ, ಪ್ರಾಯಶ್ಚಿತ್ತಕ್ಕೆ ಬರುತ್ತಿದ್ದಾಳೆ ಎಂದುಕೊಳ್ಳಬೇಡ. ಒಂದು ರಾತ್ರಿ ಅತ್ತದ್ದು ನಿಜ, ಅದು ಮುಗಿಯಿತು. ಅಮೃತಶಿಲೆಯ ಶಾಲೆಗೆ ನಾನಲ್ಲದಿದ್ದರೆ ನನ್ನಂಥ ಹತ್ತು ಜನ ಸರದಿಯಲ್ಲಿ ನಿಂತಿದ್ದಾರೆ. ನಿಲ್ದಾಣದಿಂದ ಶಾಲೆಯವರೆಗೆ ನಡೆದು ಹಿಂದಿರುಗಿದ ಆ ಟೀಚರ್ ನೋಡದ್ದನ್ನು ನಾನು ನೋಡಿದ್ದೇನೆ: ಒಂದು ಇಡೀ ಊರು ಮುಚ್ಚಿದ ಶಾಲೆಗಳ ಹಿಂದೆಯೂ ಸಾಲು ಹಿಡಿದು ನಡೆಯುತ್ತದೆ. ಅಂಥ ಊರಿನಲ್ಲಿ ಪಾಠ ಮಾಡುವ ಅದೃಷ್ಟ ಎಷ್ಟು ಜನಕ್ಕೆ? ಉಳಿಯಲು ಕಾರಣ ಬೇಕು ಅಂದೆಯಲ್ಲ. ವಾರಕ್ಕೆ ಎಂಟು ಗಂಟೆ ಕಾರಣ ನಾನು ಕೊಡುತ್ತೇನೆ, ಉಳಿದ ಗಂಟೆಗಳದ್ದು ನೀನು ನೋಡಿಕೋ.

ಮಾರಿಕಾಗೆ ಇವತ್ತೇ ಹೇಳಿ ಕಳಿಸು: ಟೀಚರ್ ಸಿಕ್ಕಳು, ದನದ ಡಾಕ್ಟರೂ ಸಿಕ್ಕ, ಅವಳಿಗಳ ಹೆಸರು ಪಟ್ಟಿಯಲ್ಲಿ ಬರೆಯಲಿ. ಹದಿನಾರಕ್ಕೆ ಎರಡು ಕೂಡಿಸಲು ನನಗೂ ಬರುತ್ತದೆ, ಗಣಿತದಲ್ಲಿ ಬಿಲ್ಯಾನಾಗಿಂತ ದಡ್ಡಿ ಆದರೂ. ನಾಲ್ಕು ವರ್ಷದ ಮೇಲೆ ಆ ಹದಿನೆಂಟು ಮಕ್ಕಳು ನಿನ್ನ ಕಿಟಕಿಯ ಕೆಳಗೆ ಹನ್ನೆರಡರವರೆಗೆ ಕೂಗುವಾಗ ನಾನೂ ಜೊತೆಗೆ ಕೂಗುತ್ತೇನೆ. ಮುಂದಿನ ಮೇನಲ್ಲಿ ಕೆಂಪು ಬಾವುಟ ನನಗೆ ಕೊಡು. ಕೋಲು ಭಾರ ಇದ್ದರೆ ಜಹಾರಿ ಇದ್ದಾನೆ.

ಹಾಸಿಗೆ ಹಾಸಿಡು, ಸೊಟ್ಟ ಹೂವಿನ ದಿಂಬಿನ ಚೀಲ ನಾವೇ ತರುತ್ತೇವೆ. ಗೊಜ್ಜಿನ ಒಂದು ಶೀಶೆಯನ್ನು ತೆರೆದಿಡು. ಡಿಪ್ಲೊಮಾ ನನ್ನ ಕೈಚೀಲದಲ್ಲಿ, ಎರಡು ಪ್ಲಾಸ್ಟಿಕ್ ಹೊದಿಕೆಯೊಳಗೆ, ಬೂಟಿನಿಂದ ದೂರ. ಶುಕ್ರವಾರ ಬೆಳಿಗ್ಗೆ ಜಿಲ್ಲಾ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ನೀನೂ ನಾನೂ ಮೆಟ್ಟಿಲ ಮೇಲೆ ನಿಂತಿರಬೇಕು. ಅದಕ್ಕೆ ಹಿಂದಿನ ದಿನವೇ ಬರುತ್ತಿದ್ದೇವೆ: ಆಗಸ್ಟ್ ಇಪ್ಪತ್ತೆಂಟು, ಗುರುವಾರ, ಮೆಜ್ದ್ರಾದಲ್ಲಿ ಗಾಡಿ ಬದಲಿಸಿ ವಿದಿನ್ ಕಡೆ ಹೋಗುವ ಪ್ಯಾಸೆಂಜರ್, ರಾವ್ನೊಬ್ರೋದ್‌ಗೆ ಸಂಜೆ ಐದು ಐವತ್ತಕ್ಕೆ.